ಐದನೆಯ ರಸ್ತೆಯ ಸೇತುವೆ

ಚೆಲುವರಾಜು ಊರ ಹಾಲಿನ ಡೈರಿಯ ಕಾರ್ಯದರ್ಶಿ. ಬೆಳಗ್ಗೆ ಸಂಜೆ ಊರವರು ತಂದ ಹಾಲಿಗೆ ಅಳತೆಗೋಲು ಇಳಿಬಿಟ್ಟು, ಯಾರದರಲ್ಲಿ ಎಷ್ಟು ನೀರಿದೆ ಎಂದು ದಾಕ್ಷಿಣ್ಯವಿಲ್ಲದೆ ಹೇಳಿಬಿಡುವುದು ಅವನ ಕೆಲಸ. ಕಂಪಲಾಪುರದಿಂದ ನಾಲ್ಕು ಕಿಲೋಮೀಟರ್ ಒಳಗಿರುವ ಆ ಊರಿನಲ್ಲಿ ಅವನ ಬಾಯಿಂದ ಒಂದು ಸುಳ್ಳು ಬಂದದ್ದನ್ನು ಕೇಳಿದವರಿಲ್ಲ ಎಂದು ಜನ ಆಡಿಕೊಳ್ಳುತ್ತಾರೆ. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಅವನು ತಲೆ ಕೆರೆದುಕೊಂಡು ಬೇರೆ ಕಡೆ ನೋಡುತ್ತಾನೆ. ಪಾಪ, ಎಷ್ಟು ವಿನಯ ಎಂದುಕೊಳ್ಳುತ್ತಾರೆ. ವಿನಯವೂ ಅಲ್ಲ, ಮಣ್ಣೂ ಅಲ್ಲ. ಹದಿಮೂರನೆಯ ವಯಸ್ಸಿನಲ್ಲಿ ಅವನು ಒಂದು ಸುಳ್ಳು ಹೇಳಿದ್ದ. ಆ ಸುಳ್ಳನ್ನು ನಂಬಿಯೇ ಒಡಹುಟ್ಟಿದ ಅಕ್ಕ ಮದುವೆಗೆ ಒಪ್ಪಿಕೊಂಡಳು ಎಂಬುದು ಅವನ ತಲೆಯೊಳಗೆ ಇಪ್ಪತ್ತೇಳು ವರ್ಷದಿಂದ ಕೂತುಬಿಟ್ಟಿತ್ತು.

ಸುಳ್ಳಾದರೂ ಎಂಥದ್ದು? ಹೇಳಿದರೆ ನಗುತ್ತೀರಿ. ಟಿವಿಯಲ್ಲಿ ಆಡುವ ಕಾರು ಗೇಮಿನ ಬಗ್ಗೆ ಹೇಳಿದ ಸುಳ್ಳು ಅದು.

ಆ ವರ್ಷ ಅಪ್ಪ ಕೆಂಪಯ್ಯ, ಹೊಗೆಸೊಪ್ಪಿಗೆ ಒಳ್ಳೆಯ ರೇಟು ಸಿಕ್ಕಿದ ಖುಷಿಯಲ್ಲಿ, ಮೈಸೂರಿನಿಂದ ಒಂದು ಟಿವಿ ಗೇಮು ತಂದಿದ್ದ. ಬಿಳಿಯ ಪೆಟ್ಟಿಗೆ, ಅದರ ನೆತ್ತಿಗೆ ಚುಚ್ಚುವ ಹಳದಿ ಕ್ಯಾಸೆಟ್ಟು, ವೈರು ನೇತಾಡುವ ಎರಡು ರಿಮೋಟು. ಗೇಮು ಬರದಿದ್ದರೆ ಕ್ಯಾಸೆಟ್ಟು ಕಿತ್ತು, ಉಫ್ ಎಂದು ಊದಿ, ಮತ್ತೆ ಚುಚ್ಚಬೇಕು. ಕ್ಯಾಸೆಟ್ಟಿನಲ್ಲಿ ಹತ್ತಾರು ಗೇಮುಗಳಿದ್ದರೂ ಆ ಮನೆಯಲ್ಲಿ ನಡೆಯುತ್ತಿದ್ದುದು ಒಂದೇ, ಕಾರು ರೇಸು. ಆಕಾಶದಿಂದ ನೋಡಿದ ಹಾಗೆ ಒಂದು ರಸ್ತೆ, ಅದರ ಮೇಲೆ ನಮ್ಮ ಕೆಂಪು ಕಾರು. ಅಡ್ಡ ಬರುವ ಹಳದಿ ಕಾರು, ನೀಲಿ ಕಾರು, ಲಾರಿ ಎಲ್ಲವನ್ನೂ ತಪ್ಪಿಸಿಕೊಂಡು, ಪೆಟ್ರೋಲು ಮುಗಿಯುವುದರೊಳಗೆ ರಸ್ತೆಯ ತುದಿ ಮುಟ್ಟಬೇಕು. ಇದ್ದದ್ದು ಐದು ರಸ್ತೆ. ಕೊಡುತ್ತಿದ್ದುದು ಮೂರು ಕಾರು. ಮೂರೂ ಗುದ್ದಿದರೆ ಆಟ ಮುಗಿಯಿತು. ಐದನೆಯ ರಸ್ತೆಯ ಕೊನೆಯಲ್ಲಿ ಏನಿದೆ ಎಂದು ಊರಿನಲ್ಲಿ ಒಬ್ಬರೂ ನೋಡಿರಲಿಲ್ಲ.

ಚೆಲುವರಾಜು ಎರಡನೆಯ ರಸ್ತೆಗೇ ಮುಗ್ಗರಿಸುತ್ತಿದ್ದ. ಓಡಿಸುವವಳೆಂದರೆ ಅಕ್ಕ ಸುನಂದ. ಹೊಗೆಸೊಪ್ಪಿನ ಎಲೆಯನ್ನು ದಾರ ಸುತ್ತಿ ಕಡ್ಡಿಗೆ ಕಟ್ಟುವುದರಲ್ಲಿ ಅವಳನ್ನು ಮೀರಿಸುವವರು ಇರಲಿಲ್ಲ. ಆಳುಗಳು ಒಂದು ಕಡ್ಡಿ ಕಟ್ಟುವಷ್ಟರಲ್ಲಿ ಅವಳು ಎರಡು ಕಟ್ಟಿ ಪಕ್ಕಕ್ಕೆ ಎಸೆಯುತ್ತಿದ್ದಳು. ಅದೇ ಬೆರಳು, ಅದೇ ಕೈಚಳಕ. ಎಲೆಯ ಅಂಟು ಹಿಡಿದು ಕಪ್ಪಾದ ಬೆರಳಲ್ಲೇ ಒತ್ತೀ ಒತ್ತೀ ರಿಮೋಟಿನ ಕೆಂಪು ಗುಂಡಿಗಳು ಕಪ್ಪಾಗಿಹೋಗಿದ್ದವು.

ಶ್ರಾವಣದ ಒಂದು ದಿನ ಅವಳನ್ನು ನೋಡಲು ಹೊಸ ಅಗ್ರಹಾರದಿಂದ ಗಂಡಿನವರು ಬರುವವರಿದ್ದರು. ಅದಕ್ಕೂ ಮೊದಲು ಬಂದ ಮೂವರನ್ನು ಅವಳು ಒಲ್ಲೆ ಎಂದಿದ್ದಳು. ನಾಲ್ಕು ಗಂಟೆಗೆ ಬರುತ್ತೇವೆ ಎಂದವರು ಎರಡಕ್ಕೇ ಬಂದರು. ನಡುಮನೆಯಲ್ಲಿ ಜಾಗವಾಗಲಿ ಎಂದು ಟಿವಿಯನ್ನು ಅಡುಗೆಮನೆಯ ಪಕ್ಕದ ಕೋಣೆಗೆ ಸಾಗಿಸಿದ್ದರು. ಅಲ್ಲಿ ಸುನಂದ ಹಳೆ ಲಂಗದಲ್ಲಿ ಕೂತು ಆಡುತ್ತಿದ್ದಳು. ಜೀವಮಾನದಲ್ಲಿ ಮೊದಲ ಸಲ ಐದನೆಯ ರಸ್ತೆಗೆ ಬಂದಿದ್ದಳು. ಉಳಿದಿದ್ದುದು ಕೊನೆಯ ಕಾರು. ಅಮ್ಮ ಬಂದು ಎದ್ದು ಸೀರೆ ಉಟ್ಟುಕೊಳ್ಳೇ, ಕಾಫಿ ತಗೊಂಡು ಹೋಗಬೇಕು ಎಂದು ರಟ್ಟೆ ಹಿಡಿದು ಎಬ್ಬಿಸಿದಳು. ಸುನಂದ ರಿಮೋಟನ್ನು ತಮ್ಮನ ಕೈಗೆ ತುರುಕಿದಳು.

"ಗುದ್ದಿಸ್ಬ್ಯಾಡ ಕಣ್ಲಾ. ಕೊನೇಲಿ ಏನದೆ ನೋಡಿ ನಂಗೆ ಯೋಳು."

ನಾಲ್ಕು ಸೆಕೆಂಡು. ಇರಲಿ, ಐದೇ ಅನ್ನಿ. ಕೆಂಪು ಕಾರು ಲಾರಿಗೆ ಹೋಗಿ ಢಬ್ ಎಂದು ಬಡಿಯಿತು. ಗೇಮು ಸೋತಾಗ ಬರುವ ಅಳುಬುರುಕ ರಾಗ ಶುರುವಾಗುವುದರೊಳಗೆ ಚೆಲುವ ಟಿವಿಯ ಸೌಂಡನ್ನು ಪೂರ್ತಿ ಇಳಿಸಿಬಿಟ್ಟ. ಯಾರಿಗೂ ಕೇಳಿಸಲಿಲ್ಲ ಎಂದು ಎದೆ ಸವರಿಕೊಂಡ. ಗಂಡಿನವರು ಉಪ್ಪಿಟ್ಟು ತಿಂದು ಹಿತ್ತಿಲಿನಲ್ಲಿ ಹೊಗೆಸೊಪ್ಪು ಒಣಗಿಸುವ ಬ್ಯಾರನ್ ನೋಡಲು ಹೋದಾಗ ಅಕ್ಕ ಕೋಣೆಗೆ ಬಂದು, ಕೊನೇಲಿ ಏನಿತ್ತು ಎಂದು ಕೇಳಿದಳು. ಗುದ್ದಿಸಿಬಿಟ್ಟೆ ಎನ್ನಲು ಅವನಿಗೆ ಬಾಯಿ ಬರಲಿಲ್ಲ. ಗೋಡೆಯ ಮೇಲೆ ಗೊಬ್ಬರದ ಅಂಗಡಿಯವರು ಕೊಟ್ಟ ಕ್ಯಾಲೆಂಡರಿತ್ತು, ಅದರಲ್ಲಿ ಚುಂಚನಕಟ್ಟೆಯ ಜಲಪಾತದ ಚಿತ್ರ. ಕಣ್ಣು ಅತ್ತ ಹೋಯಿತು, ಬಾಯಿ ಕಣ್ಣಿನ ಹಿಂದೆ ಹೋಯಿತು. ಕೊನೆಯಲ್ಲಿ ಒಂದು ಸೇತುವೆ ಇದೆ, ಕೆಳಗೆ ಹೊಳೆ, ಬಂಡೆಯ ಮೇಲಿಂದ ನೀರು ಬೀಳುತ್ತಿದೆ, ಪಕ್ಕದಲ್ಲೊಂದು ದೇವಸ್ಥಾನ ಎಂದು ಒಂದೇ ಉಸಿರಿಗೆ ಹೇಳಿದ. ಅಕ್ಕ ಅವನ ಮುಖವನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ ಅಡುಗೆಮನೆಗೆ ಹೋಗಿ, ಅಮ್ಮ ಕೇಳಿದ್ದಕ್ಕೆ, ಆಗಲಿ ಎಂದುಬಿಟ್ಟಳು.

ಹೊಸ ಅಗ್ರಹಾರ ಚುಂಚನಕಟ್ಟೆಯ ಕಡೆಯ ಊರು ಎಂದು ಚೆಲುವನಿಗೆ ಗೊತ್ತಾದದ್ದು ಮದುವೆಯ ಬಸ್ಸಿನಲ್ಲಿ. ದಾರಿಯಲ್ಲಿ ಯಾರೋ ಬೋರ್ಡು ತೋರಿಸಿದರು. ಅಯ್ಯೋ, ಅಕ್ಕ ಇದನ್ನು ದೇವರು ತೋರಿಸಿದ ಸೂಚನೆ ಎಂದು ತಿಳಿದುಕೊಂಡು ಒಪ್ಪಿದಳು, ಕ್ಯಾಲೆಂಡರ್ ನೋಡಿ ಹೇಳಿದ ಸುಳ್ಳಿಗೆ ಕೊರಳೊಡ್ಡಿದಳು ಎಂದು ಅವನಿಗೆ ಖಾತ್ರಿಯಾಗಿಹೋಯಿತು. ಬಸ್ಸಿನಲ್ಲೇ ವಾಂತಿ ಮಾಡಿಕೊಂಡ. ಹುಡುಗನಿಗೆ ಬಸ್ಸು ಆಗಿಬರುವುದಿಲ್ಲ ಎಂದು ನಿಂಬೆಹಣ್ಣು ಮೂಸಿಸಿದರು.

ಭಾವ ದೇವರಾಜು ಕೆಟ್ಟವನೇನಲ್ಲ. ಮಾತು ಕಡಿಮೆ, ಗದ್ದೆ ಕೆಲಸ ಜಾಸ್ತಿ, ಉಂಡು ಗೋಡೆಗೆ ಒರಗಿದರೆ ಗೊರಕೆ. ಆದರೆ ಯಾವ ಮನೆಯಲ್ಲಿ ಏನಿರುವುದಿಲ್ಲ? ಅತ್ತೆ ಪುಟ್ಟತಾಯಮ್ಮನ ಬಾಯಿ, ನಾಟಿ ಸಮಯದ ಸೊಂಟನೋವು, ಮಕ್ಕಳ ಜ್ವರ. ಅಕ್ಕ ತವರಿಗೆ ಬಂದು ಇಂಥದ್ದೊಂದು ಹೇಳಿಕೊಂಡಳೋ, ಚೆಲುವರಾಜುವಿನ ಹೊಟ್ಟೆಯೊಳಗೆ ಢಬ್ ಎನ್ನುತ್ತಿತ್ತು. ಅದಕ್ಕೆಲ್ಲ ಅವನು ಕಂಡುಕೊಂಡ ಪ್ರಾಯಶ್ಚಿತ್ತ ಗೌರಿ ಹಬ್ಬದ ಬಾಗಿನ. ಬೇರೆ ಅಣ್ಣತಮ್ಮಂದಿರು ಮೊರದಲ್ಲಿ ಅರಿಶಿನ ಕುಂಕುಮ, ಬಳೆ, ಬೇಳೆ ಬೆಲ್ಲ ಇಟ್ಟು ಮೇಲೊಂದು ಸೀರೆ ಕೊಟ್ಟು ಕೈಮುಗಿಯುತ್ತಾರೆ. ಇವನದು ಮೊರದಲ್ಲಿ ಹಿಡಿಸುವ ಬಾಗಿನವಲ್ಲ. ಪುಟ್ಟತಾಯಮ್ಮ ಬೈದ ವರ್ಷ ಕುಕ್ಕರು, ಸೊಂಟ ನೋವಿನ ವರ್ಷ ಗ್ರೈಂಡರು, ಭಾವ ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡ ವರ್ಷ ಒಂದು ಸೀಮೆಹಸುವಿನ ಕರು. ಕರುವಿನ ಕೊರಳಿಗೆ ಅರಿಶಿನ ಹಚ್ಚಿದ ತೆಂಗಿನಕಾಯಿ ಕಟ್ಟಿ ಕೊಟ್ಟಿದ್ದ. ಅವನಿಂದಾಗಿ ಊರಿನ ಗಂಡಸರಿಗೆಲ್ಲ ಗೌರಿ ಹಬ್ಬವೆಂದರೆ ತಲೆನೋವು. ಚೆಲುವರಾಜಣ್ಣನನ್ನು ನೋಡಿ ಕಲಿಯಿರಿ ಎಂದು ಮನೆಮನೆಯಲ್ಲೂ ಹೆಂಗಸರು ಹಂಗಿಸುತ್ತಿದ್ದರು. ಅವನ ಹೆಂಡತಿ ರಮ್ಯ ಮಾತ್ರ, ಇನ್ನು ನಮ್ಮ ಮನೆಯ ಹೆಂಚೊಂದು ಉಳಿದಿದೆ, ಮುಂದಿನ ವರ್ಷಕ್ಕೆ ಅದನ್ನೂ ಇಳಿಸಿಕೊಡಿ ಎಂದು ಮೂತಿ ತಿರುಗಿಸುತ್ತಿದ್ದಳು.

ಹೀಗೇ ನಡೆದುಕೊಂಡು ಹೋಗುತ್ತಿತ್ತು. ಕೆಡಿಸಿದ್ದು ಮಗಳು ಸ್ಪಂದನಾ. ಪಿರಿಯಾಪಟ್ಟಣದಲ್ಲಿ ಪಿಯುಸಿ ಓದುವ ಅವಳು ಈ ಸಲದ ಹಬ್ಬಕ್ಕೆ ಒಂದು ವಾರ ಮುಂಚೆ ಆನ್‌ಲೈನಿನಲ್ಲಿ ಒಂದು ಪುಟ್ಟ ಡಬ್ಬಿ ತರಿಸಿದಳು. ಟಿವಿಗೆ ಚುಚ್ಚಿದರೆ ಹಳೆಯ ಕಾಲದ ಗೇಮುಗಳೆಲ್ಲ ಬರುತ್ತವಂತೆ. ಕಾರು ರೇಸೂ ಇದೆಯಂತೆ. ಸುನಂದತ್ತೆಗೆ ಫೋನು ಮಾಡಿ ಹೇಳಿಯೂ ಆಗಿದೆ. ಅದಕ್ಕೆ ಅತ್ತೆ, ಈ ಸಲ ಬಂದು ಕೊನೇ ರಸ್ತೆ ಸೇತುವೆ ನೋಡೇ ಹೋಗ್ತೀನಿ, ನಿಮ್ಮಪ್ಪ ಒಬ್ಬನೇ ಅಲ್ಲವಾ ಅದನ್ನ ನೋಡಿರೋದು ಎಂದರಂತೆ.

ಚೆಲುವರಾಜುವಿಗೆ ಭಯ ಹತ್ತಿಕೊಂಡಿತು. ಅಲ್ಲಿ ಸೇತುವೆ ಇಲ್ಲದಿದ್ದರೆ? ಇಪ್ಪತ್ತೇಳು ವರ್ಷ ಬಾಳಿದ ಮೇಲೆ, ತಾನು ಆ ಮನೆ ಸೇರಿದ್ದು ಒಂದು ಸುಳ್ಳಿನ ಮೇಲೆ ಎಂದು ಅಕ್ಕನಿಗೆ ಗೊತ್ತಾದರೆ? ಅವಳು ಮತ್ತೆ ತನ್ನ ಮುಖ ನೋಡುತ್ತಾಳೆಯೇ?

ಮೊದಲು ಫೋನನ್ನೇ ಕೇಳಿದ. ಗೇಮಿನ ಹೆಸರು ಗೊತ್ತಿದ್ದರೆ ತಾನೆ? ಕೆಂಪು ಕಾರು ರೇಸು, ಕೊನೆಯ ರಸ್ತೆಯಲ್ಲಿ ಸೇತುವೆ ಇದೆಯಾ ಎಂದು ದನದ ಕೊಟ್ಟಿಗೆಯಲ್ಲಿ ನಿಂತು ಪಿಸುಗುಟ್ಟಿದ. ಅವತ್ತಿನಿಂದ ಫೋನಿನ ತುಂಬ ಸೆಕೆಂಡ್ ಹ್ಯಾಂಡ್ ಕಾರಿನ ಜಾಹೀರಾತು. ಆಮೇಲೆ, ಮಗಳು ಕಾಲೇಜಿಗೆ ಹೋಗಿದ್ದಾಗ, ರಮ್ಯಳನ್ನು ಬ್ಯಾರನ್ನಿನ ಉರಿ ನೋಡಿಕೊ ಎಂದು ಹಿತ್ತಿಲಿಗೆ ಕಳಿಸಿ, ಬಾಗಿಲು ಹಾಕಿಕೊಂಡು ತಾನೇ ಆಡಲು ಕೂತ. ಟ್ರ್ಯಾಕ್ಟರು, ಬೈಕು, ಓಮ್ನಿ ಎಲ್ಲ ಓಡಿಸುವ ನಲವತ್ತು ವರ್ಷದ ಗಂಡಸು, ಮೊದಲನೆಯ ರಸ್ತೆ ದಾಟಲಾರದೆ ಬೆವರಿದ. ಕಾರು ಬಲಕ್ಕೆ ವಾಲಿದರೆ ಇವನೂ ಬಲಕ್ಕೆ ವಾಲುತ್ತಿದ್ದ. ಒಂದು ಸಲ ಹಾಗೆ ವಾಲಿ ಮೊಣಕೈಯನ್ನು ಬೀರುವಿಗೆ ಬಡಿಸಿಕೊಂಡು ಕಣ್ಣಲ್ಲಿ ನೀರು ತರಿಸಿಕೊಂಡ. ಮೂರು ದಿನ ಕದ್ದು ಕದ್ದು ಆಡಿ ಎರಡನೆಯ ರಸ್ತೆಯ ಅರ್ಧಕ್ಕೆ ಬಂದ. ಆ ಲೆಕ್ಕದಲ್ಲಿ ಐದನೆಯ ರಸ್ತೆ ಮುಟ್ಟುವಷ್ಟರಲ್ಲಿ ಮುಂದಿನ ಗೌರಿ ಹಬ್ಬ ಬರುತ್ತಿತ್ತು.

ಕೊನೆಗೆ ಅವನಿಗೆ ಗೊತ್ತಿದ್ದ ಒಂದೇ ದಾರಿ ಹಿಡಿದ. ಹಬ್ಬದ ಹಿಂದಿನ ದಿನ ಪಿರಿಯಾಪಟ್ಟಣಕ್ಕೆ ಹೋಗಿ ಬಟ್ಟೆ ಒಗೆಯುವ ಮಿಷನ್ನು ತಂದ.

ಹಬ್ಬದ ಬೆಳಗ್ಗೆ ಸುನಂದಮ್ಮ ಬಂದಳು. ಈಗ ಅವಳಿಗೆ ನಲವತ್ತೈದು. ಕನ್ನಡಕ ಬಂದಿದೆ, ಮಂಡಿ ಹಿಡಿದುಕೊಂಡು ಕೂರುತ್ತಾಳೆ. ನಡುಮನೆಯ ಮಧ್ಯೆ ಅರಿಶಿನ ಕುಂಕುಮ ಹಚ್ಚಿಸಿಕೊಂಡು ನಿಂತಿದ್ದ ಮಿಷನ್ನನ್ನು ಸುತ್ತು ಹಾಕಿ ನೋಡಿ, ಇದೇನ್ಲಾ ಇದು ಎಂದಳು. ಬಾಗಿನ ಅಕ್ಕ ಎಂದ. ಒಳಗಿನಿಂದ ರಮ್ಯ ಪಾತ್ರೆಯೊಂದನ್ನು ಬೇಕೆಂದೇ ಜೋರಾಗಿ ಇಟ್ಟಳು.

ಒಬ್ಬಟ್ಟಿನ ಊಟವಾಯಿತು. ಮಾರನೆಯ ದಿನ ಗಣೇಶನ ಪೂಜೆ, ಹಾಗಾಗಿ ನಾಲ್ಕು ಗಂಟೆಗೆ ದೇವರಾಜು ಬಂದು ಕರೆದುಕೊಂಡು ಹೋಗುವುದೆಂದು ಮಾತಾಗಿತ್ತು. ಸ್ಪಂದನಾ ಚಾಪೆ ಹಾಸಿ, ಅತ್ತೆ ಬನ್ನಿ ಎಂದಳು. ಚೆಲುವರಾಜು ಮೆಲ್ಲಗೆ ಎದ್ದು ಹೋಗಿ ಮೀಟರ್ ಬೋರ್ಡಿನ ಸ್ವಿಚ್ಚು ಇಳಿಸಿ, ಕರೆಂಟು ಹೋಯ್ತು ಎಂದು ದೊಡ್ಡದಾಗಿ ನಿಟ್ಟುಸಿರಿಟ್ಟ. ಪಕ್ಕದ ಮನೆಯ ಮಿಕ್ಸಿ ಗರ್ ಎನ್ನುತ್ತಿತ್ತು. ರಮ್ಯ ಬಂದು ಸ್ವಿಚ್ಚು ಎತ್ತಿ, ಅವನನ್ನು ಮೇಲಿಂದ ಕೆಳಗೆ ನೋಡಿ ಹೋದಳು. ಡಬ್ಬಿಯ ಚಾರ್ಜರನ್ನು ಅವನು ಬೆಳಗ್ಗೆಯೇ ಅಕ್ಕಿ ಡ್ರಮ್ಮಿನೊಳಗೆ ಹೂತಿಟ್ಟಿದ್ದ. ಸ್ಪಂದನಾ ಹುಡುಕುವ ಗೋಜಿಗೇ ಹೋಗದೆ ತನ್ನ ಫೋನಿನ ಚಾರ್ಜರು ಚುಚ್ಚಿದಳು. ಅಷ್ಟಕ್ಕೆ ಅವನ ಬುದ್ಧಿವಂತಿಕೆ ಖಾಲಿಯಾಯಿತು. ಬಂದು ಅಕ್ಕನ ಪಕ್ಕ ಕೂತ.

ಸುನಂದಮ್ಮ ಮೊದಲ ಆಟದಲ್ಲಿ ಮೂರು ಕಾರನ್ನೂ ಗುದ್ದಿಸಿದಳು. ಚೆಲುವರಾಜುವಿಗೆ ಹೋದ ಜೀವ ಬಂತು. ಎರಡನೆಯದರಲ್ಲಿ ಎರಡು ರಸ್ತೆ ದಾಟಿದಳು. ಮೂರನೆಯ ಆಟಕ್ಕೆ ಕನ್ನಡಕ ಮೇಲೇರಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ರಿಮೋಟನ್ನು ಎರಡೂ ಕೈಯಲ್ಲಿ ಹಿಡಿದಳು. ಬೆರಳುಗಳಿಗೆ ಹಳೆಯದೆಲ್ಲ ನೆನಪಾಯಿತು. ಮೈ ಅಲ್ಲಾಡಲಿಲ್ಲ, ಕಣ್ಣು ಮಿಟುಕಲಿಲ್ಲ. ಒಂದನೆಯ ರಸ್ತೆ, ಎರಡನೆಯದು, ಮೂರನೆಯದು. ಸ್ಪಂದನಾ ಬಾಯಿ ತೆರೆದುಕೊಂಡು ನೋಡುತ್ತಿದ್ದಳು. ನಾಲ್ಕು ಮುಗಿದು ಐದನೆಯ ರಸ್ತೆ ಬಂತು.

ಚೆಲುವರಾಜು ತಡೆಯಲಾರದೆ, "ಅಕ್ಕ, ನಿಲ್ಸು," ಎಂದ.

ಅವಳು ನಡುವಿನ ಗುಂಡಿ ಒತ್ತಿದಳು. ಕಾರು, ಲಾರಿ ಎಲ್ಲ ಇದ್ದಲ್ಲೇ ನಿಂತವು.

"ಸೇತುವೆ ಇಲ್ಲ ಅಕ್ಕ. ಇದ್ರೂ ನಾನು ನೋಡ್ಲಿಲ್ಲ. ನೀನು ಅತ್ಲಾಗೆ ಹೋದೆ, ನಾನು ಇತ್ಲಾಗೆ ಗುದ್ದಿಸ್ಬುಟ್ಟೆ. ಕ್ಯಾಲೆಂಡರ್ ನೋಡ್ಕಂಡು ಬಾಯಿಗೆ ಬಂದಂಗೆ ಯೋಳ್ದೆ. ನೀನು ಅದ್ನ ನಂಬ್ಕಂಡು ಆ ಮನೆಗೆ ಹೋದೆ."

ಡೈರಿ ಕಾರ್ಯದರ್ಶಿ ಎಂಬುದನ್ನೂ ಮರೆತು, ಮಗಳ ಎದುರಿಗೇ ಪಂಚೆಯ ಅಂಚಿನಲ್ಲಿ ಮೂಗು ಒರೆಸಿಕೊಂಡ. ಸುನಂದಮ್ಮ ಅವನನ್ನು ನೋಡಿದಳು, ಮಿಷನ್ನನ್ನು ನೋಡಿದಳು. ಹಾಗಾದರೆ ಆ ಕುಕ್ಕರು, ಗ್ರೈಂಡರು, ಕರು, ಇದು, ಎಲ್ಲ ಅದಕ್ಕೇನಾ ಎಂದು ಕೇಳಿದಳು. ಅವನು ಹೌದೆಂದು ತಲೆಯಾಡಿಸಿದ. ನಗು ನುಗ್ಗಿ ಬಂತು ನೋಡಿ ಆ ಹೆಂಗಸಿಗೆ. ಹೊಟ್ಟೆ ಹಿಡಿದುಕೊಂಡು, ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕಳು. ಸ್ಪಂದನಾ ಚಾಪೆಯ ಮೇಲೆ ಉರುಳಾಡಿದಳು. ಸೇತುವೆ ಇದೆ ಅಂದರೆ ಯಾರಾದರೂ ಮದುವೆಗೆ ಒಪ್ಪುತ್ತಾರೇನೋ ಮಂಕೇ, ಆ ಕ್ಯಾಲೆಂಡರನ್ನು ಮೊಳೆ ಹೊಡೆದು ನೇತುಹಾಕಿದವಳೇ ನಾನು, ನೀನು ಬಾಯಿ ಬಿಡುತ್ತಲೇ ಗೊತ್ತಾಯಿತು ಎಂದಳು.

ಚೆಲುವರಾಜು ತಾನೂ ನಕ್ಕ. ಇಪ್ಪತ್ತೇಳು ವರ್ಷದ ಮೂಟೆ ಒಂದೇ ಏಟಿಗೆ ಕೆಳಗೆ ಬಿತ್ತು. ಎಂಥಾ ಪೆದ್ದ ನಾನು ಎಂದು ಹಣೆ ಚಚ್ಚಿಕೊಂಡ. ಆ ಖುಷಿಯಲ್ಲಿ, ಬಾಯಿ ಮುಚ್ಚಿಕೊಂಡಿರುವುದು ಬಿಟ್ಟು, ಹಾಗಾದರೆ ಮೂವರನ್ನು ಒಲ್ಲೆ ಎಂದವಳು ಭಾವನಿಗೆ ಯಾಕೆ ಒಪ್ಪಿದೆ ಎಂದು ಕೇಳಿಯೂಬಿಟ್ಟ.

ಸುನಂದಮ್ಮನ ನಗು ನಿಧಾನವಾಗಿ ನಿಂತಿತು. ಟಿವಿಯಲ್ಲಿ ನಿಂತಿದ್ದ ಕೆಂಪು ಕಾರಿನ ಕಡೆ ನೋಡುತ್ತ ಹೇಳಿದಳು.

"ಮೇಷ್ಟ್ರಾಗೋ ಟ್ರೈನಿಂಗಿಗೆ ಅರ್ಜಿ ತರ್ಸಿ ಪೆಟ್ಟಿಗೇಲಿ ಇಟ್ಕಂಡಿದ್ದೆ. ಅಪ್ಪನ್ನ ಕೇಳಾಕೆ ಧೈರ್ಯ ಇರ್ಲಿಲ್ಲ. ಅವತ್ತು ರಿಮೋಟು ನಿನ್ ಕೈಗೆ ಕೊಟ್ಟು ಎದ್ದೋಗ್ತಾ ಅಂದ್ಕಂಡೆ, ಚೆಲುವ ಕೊನೆ ಮುಟ್ಟಿಸ್ದ್ರೆ ಇವ್ರನ್ನೂ ಬ್ಯಾಡ ಅನ್ನದು, ಅಪ್ಪನ ಕಾಲಿಗೆ ಬಿದ್ದಾದ್ರೂ ಓದದು. ಗುದ್ದಿಸ್ದ್ರೆ ಒಪ್ಕಬುಡದು. ಅಡುಗೆಮನೆ ಹೊಸ್ಲು ದಾಟಿರ್ಲಿಲ್ಲ ಕಣ್ಲಾ, ಢಬ್ ಅಂತು."

ಚೆಲುವರಾಜುವಿನ ಮುಖದ ಮೇಲೆ ನಗು ಹಾಗೇ ಅಂಟಿಕೊಂಡಿತ್ತು. ಅದನ್ನು ತೆಗೆಯುವುದು ಹೇಗೆಂದು ಅವನಿಗೆ ತಿಳಿಯಲಿಲ್ಲ. ಸೌಂಡು ಇಳಿಸಿದ್ದು ಢಬ್ ಎಂದ ಮೇಲೆ ಎಂದು ಅವನಿಗೆ ಈಗ ಹೊಳೆಯಿತು. ಇಷ್ಟು ವರ್ಷ ತಪ್ಪುಕಾಣಿಕೆ ಹಾಕಿದ್ದೆಲ್ಲ ಬೇರೆ ಯಾವುದೋ ತಪ್ಪಿಗೆ. ನಿಜವಾದದ್ದು ಆ ನಾಲ್ಕು ಸೆಕೆಂಡು, ಅದಕ್ಕೆ ಅವನು ಒಂದು ಬಳೆಯನ್ನೂ ಕೊಟ್ಟಿರಲಿಲ್ಲ. ಅವಳೇ ಸಮಾಧಾನ ಮಾಡಿದಳು. ಇದರಲ್ಲಿ ನಿನ್ನ ತಪ್ಪೇನಿಲ್ಲ, ಹಾಗೆ ಅಂದುಕೊಂಡದ್ದನ್ನು ನಿನಗೆ ನಾನು ಹೇಳಿಯೇ ಇರಲಿಲ್ಲ, ಹೇಳಿದ್ದರೆ ಇನ್ನೂ ಬೇಗ ಗುದ್ದಿಸುತ್ತಿದ್ದೆ ಎಂದಳು.

"ಬ್ಯಾಸರ ಆಯ್ತದಾ ಅಕ್ಕ?"

"ಯಾವಾಗ್ಲೂ ಇಲ್ಲ. ನಮ್ಮನೆ ಸ್ಕೂಲ್ ಪಕ್ಕದಲ್ಲೇ ಅಲ್ವಾ. ಬೆಳಿಗ್ಗೆ ಬೆಲ್ ಹೊಡ್ದಾಗ ಆಯ್ತದೆ."

ಸ್ಪಂದನಾ ಎದ್ದು ಕೂತಿದ್ದಳು. ಚೆಲುವರಾಜುವಿಗೆ ಜೋರಾಗಿ ಅಳಬೇಕೆನಿಸಿತು. ಅತ್ತು ಅಕ್ಕನ ಕೈಯಲ್ಲಿ ಮತ್ತೆ ಸಮಾಧಾನ ಮಾಡಿಸಿಕೊಳ್ಳಲು ನಾಚಿಕೆಯಾಯಿತು. ಅದನ್ನು ಅವನು ಎಷ್ಟು ವರ್ಷದಿಂದ ಮಾಡಿಸಿಕೊಂಡು ಬಂದಿದ್ದನೋ ಏನೋ.

ಅಷ್ಟರಲ್ಲಿ ಹೊರಗೆ ಬೈಕಿನ ಹಾರ್ನು ಕೇಳಿಸಿತು. ನಾಲ್ಕು ಹೊಡೆದಿತ್ತು. ಸುನಂದಾ, ಹೊರಡು, ಹೊತ್ತಾಯ್ತು ಎಂದು ದೇವರಾಜು ಅಂಗಳದಿಂದಲೇ ಕೂಗಿದ. ಸುನಂದಮ್ಮ ಆಗಲೇ ರಿಮೋಟನ್ನು ಚಾಪೆಯ ಮೇಲಿಟ್ಟು, ಮಂಡಿಯ ಮೇಲೆ ಕೈಯೂರಿ ಏಳುತ್ತಿದ್ದಳು. ಚೆಲುವರಾಜು ರಿಮೋಟು ಎತ್ತಿಕೊಂಡು ಅವಳ ಕೈಗೆ ತುರುಕಿದ.

"ಕೂತ್ಕೊ ಅಕ್ಕ. ನಾನು ಯೋಳ್ತೀನಿ ಭಾವಂಗೆ."

ಜಗುಲಿಗೆ ಬಂದು, ಅಕ್ಕ ಈಗ ಬರುವ ಹಾಗಿಲ್ಲ, ಒಂದು ಕೆಲಸದಲ್ಲಿದ್ದಾಳೆ ಎಂದ. ಏನು ಕೆಲಸ ಎಂದು ಭಾವ ಕೇಳಿದ. ಕಾರು ಓಡಿಸುತ್ತಿದ್ದಾಳೆ ಎಂದ. ದೇವರಾಜು ಅಂಗಳದಲ್ಲಿ ನಿಂತಿದ್ದ ಓಮ್ನಿಯ ಕಡೆ ನೋಡಿ, ಭಾವಮೈದುನನ ಮುಖ ನೋಡಿ, ಇವನಿಗೇನೋ ಆಗಿದೆ ಎಂದುಕೊಂಡ. ಒಳಗೆ ಕಾರಿನ ಸದ್ದು ಮತ್ತೆ ಶುರುವಾಯಿತು. ಚೆಲುವರಾಜು ಬಾಗಿಲಿಗೆ ಅಡ್ಡವಾಗಿ ನಿಂತು, ಕಿವಿಯನ್ನೆಲ್ಲ ಒಳಗಿಟ್ಟು ಕಾದ. ಢಬ್ ಎನ್ನುವುದೋ ಎಂದು ಸೆಕೆಂಡು ಎಣಿಸಿದ. ನಾಲ್ಕು ಸೆಕೆಂಡಾಯಿತು. ಒಂದು ನಿಮಿಷವಾಯಿತು. ಕೊನೆಗೆ ಅವನು ಎಂದೂ ಕೇಳದಿದ್ದ ಒಂದು ರಾಗ ಟಿರಿಟಿರಿ ಎಂದು ಬಂತು.

ಕೊನೇಲಿ ಏನಿದೆ ಎಂದು ಅವನು ಒಳಗೆ ಕೂಗಿ ಕೇಳಿದ.

"ಏನೂ ಇಲ್ಲ ಕಣ್ಲಾ," ಎಂದಿತು ಅಕ್ಕನ ದನಿ. "ಮತ್ತೆ ಮೊದಲ್ನೇ ರಸ್ತೆಗೆ ತಂದು ಬುಟ್ಟದೆ. ಲಾರಿಗಳು ಜಾಸ್ತಿ ಆಗವೆ. ತಡಿ, ಮಾತಾಡಿಸ್ಬ್ಯಾಡ."

ದೇವರಾಜು ಜಗುಲಿಯ ಕೆಳಗೆ ನಿಂತುಕೊಂಡೇ, "ಮುಗೀತಾ?" ಎಂದು ಕೇಳಿದ.

"ಇಲ್ಲ ಭಾವ. ಇನ್ನೂ ಓಡಿಸ್ತಾವ್ಳೆ."

ಎಷ್ಟು ಹೊತ್ತಾಗಬಹುದು ಎಂದು ದೇವರಾಜು ಕೇಳಿದ. ಗೊತ್ತಿಲ್ಲ ಎಂದು ಚೆಲುವರಾಜು ನಿಜವನ್ನೇ ಹೇಳಿದ. ದೇವರಾಜು ಬೈಕಿನ ಕ್ಯಾರಿಯರಿನಿಂದ ಚೀಲ ಬಿಚ್ಚಿ ಕೆಳಗಿಟ್ಟು, ಚಪ್ಪಲಿ ಕಳಚಿ, ಜಗುಲಿಯ ಮೇಲೆ ಕಾಲು ಮಡಿಸಿ ಕೂತ.